ಪರದೆಯ ಮೇಲೆ ಪಾದವಿಲ್ಲದವಳು

“ಇನ್ನೊಂದು ಸಲ ತಿರುಗಿಸಿ,” ಎಂದ ಲಿಂಗಣ್ಣ.

ವಸಂತ್ ಬೆವೆತ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಮೌಸ್ ಹಿಡಿದ. ಪರದೆಯ ಮೇಲಿದ್ದ ವಿದ್ಯಾರ್ಥಿನಿಲಯ ನಿಧಾನವಾಗಿ ಸುತ್ತತೊಡಗಿತು. ಹಿಂದಿನ ಗೋಡೆ, ನೀರಿನ ಟ್ಯಾಂಕು, ಅಡುಗೆಮನೆಯ ಕಿಟಕಿ ಒಂದೊಂದಾಗಿ ಹಾದುಹೋದವು. ಆಮೇಲೆ ಮುಂದಿನ ಜಗುಲಿ ಬಂತು. ಜಗುಲಿಯ ಕಂಬದ ಪಕ್ಕದಲ್ಲಿ ಅವಳು ನಿಂತಿದ್ದಳು.

ಹಸಿರು ಸೀರೆ, ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ ನೆರಿಗೆ, ಕಂಕುಳಲ್ಲಿ ಪ್ಲಾಸ್ಟಿಕ್ ಬಿಂದಿಗೆ. ಯಾರನ್ನೋ ನೋಡಿ ನಗುತ್ತಿದ್ದಳು. ಮೊಣಕಾಲಿನ ಕೆಳಗೆ ಕಣಕಾಲಿನ ತನಕ ಕಾಲಿತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಪಾದ ಇರಬೇಕಾದ ಕಡೆ ಹೊಳೆಯುವ ನೆಲ ಕಾಣುತ್ತಿತ್ತು.

ಹೊರಗೆ ಕೆ.ಆರ್. ನಗರದ ಮಟಮಟ ಮಧ್ಯಾಹ್ನ. ಒಳಗೆ, ಸರ್ಕಾರದ ಕಟ್ಟಡ ಇಲಾಖೆಯ ಹಳೆಯ ಉಗ್ರಾಣವನ್ನು ಗುಡಿಸಿ ಮಾಡಿದ ಈ ಕಂಪ್ಯೂಟರ್ ಕೋಣೆಯಲ್ಲಿ, ಪರದೆ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ಕರಿಬಟ್ಟೆ ಇಳಿಬಿಟ್ಟಿದ್ದರು. ಆ ಕತ್ತಲಲ್ಲಿ ಅವಳ ಬೆಳಕು ಮೂವರ ಮುಖದ ಮೇಲೂ ಬಿದ್ದಿತ್ತು.

ಹೋದ ವಾರ ಬೀಚನಹಳ್ಳಿಯಲ್ಲಿ ಈ ಕಟ್ಟಡದ ಉದ್ಘಾಟನೆ. ‘ಸರ್ಕಾರ ಇದನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ತಪ್ಪೆಲ್ಲ ತಿದ್ದಿಕೊಂಡು, ಆಮೇಲೆ ನೆಲದ ಮೇಲೆ ಕಟ್ಟಿದೆ’ ಎಂದು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಜನ ಕಟ್ಟಡವನ್ನು ನೋಡಲೇ ಇಲ್ಲ. ಅವಳನ್ನು ನೋಡಿ ಕುರ್ಚಿ ಬೀಳಿಸಿಕೊಂಡು ಎದ್ದು ಓಡಿದರು. ಯಾಕೆಂದರೆ ಅವಳು ಪುಟ್ಟಿ. ಎರಡು ವರ್ಷದ ಹಿಂದೆ ಗೌರಿ ಹಬ್ಬ ಕಳೆದ ಮೇಲೆ ಕಾಣೆಯಾಗಿ, ನಾಲೆಯಲ್ಲಿ ಹೆಣವಾಗಿ ಸಿಕ್ಕಿ, ದಸರೆಗೆ ಮುಂಚೆಯೇ ಮಣ್ಣು ಸೇರಿದವಳು.

ಅವಳನ್ನು ಕೊಂದ ಆರೋಪದಲ್ಲಿ ಗಂಡ ಚೆಲುವರಾಜು ಜೈಲಿನಲ್ಲಿದ್ದ. ಸೋಮವಾರ ತೀರ್ಪು. ಅವನ ಅಣ್ಣ ಚಲುವಯ್ಯ ಹುಣಸೂರಿಗೆ ಬಂದು, ತಂಬಾಕು ಮಂಡಿಯ ಮಾಳಿಗೆಯಲ್ಲಿರುವ ಲಿಂಗಣ್ಣನ ಪತ್ತೇದಾರಿ ಕಚೇರಿಯ ನೆಲದ ಮೇಲೆ ಕೂತು ಅತ್ತಿದ್ದ. “ಅವ್ಳು ಬದುಕವ್ಳೆ ಅಂತ ತೋರ್ಸಿಕೊಡಿ ಸಾ. ನನ್ ತಮ್ಮ ಉಳ್ಕತಾನೆ.” ಮೊದಲು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಲಿಂಗಣ್ಣ ಅಳುವ ಗಂಡಸರನ್ನು ಬೇಕಾದಷ್ಟು ಕಂಡವನು. ಆದರೂ ಈ ಅಳು ಅವನ ಮನಸ್ಸಿಗೆ ತಾಕಿತ್ತು.

“ನೋಡ್ದಾ ಅವ್ವ?” ಎಂದು ಪಕ್ಕಕ್ಕೆ ತಿರುಗಿ ಕೇಳಿದ.

ಪುಟ್ಟಿಯ ತಾಯಿ ಚಿಕ್ಕಸಿದ್ದಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು. ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

“ನೋಡ್ದೆ. ನನ್ ಮಗ್ಳಲ್ಲ.”

“ಊರೆಲ್ಲ ಪುಟ್ಟಿ ಅಂತದೆ.”

“ಊರು ಒರ್ಲಿಲ್ಲ, ಎರ್ಲಿಲ್ಲ. ನಾನು ಎತ್ತವ್ಳು. ನನ್ ಮಗ್ಳಲ್ಲ ಬುಡಪ್ಪ.”

ಹೀಗೆ ಹೇಳಿದವಳು ಒಂದು ಕೆಲಸ ಮಾಡಿದಳು. ಕೈ ಮುಂದೆ ಚಾಚಿ, ಪರದೆಯ ಮೇಲಿನ ಆ ಕೆನ್ನೆಯನ್ನು ಮುಟ್ಟುವಷ್ಟು ಹತ್ತಿರ ಒಯ್ದು, ಗಾಜಿಗೆ ಬೆರಳು ತಗಲುವ ಮೊದಲೇ ಹಿಂದಕ್ಕೆ ತೆಗೆದುಕೊಂಡಳು. ಪರರ ಮಗಳ ಕೆನ್ನೆಯನ್ನು ಯಾರೂ ಹಾಗೆ ಮುಟ್ಟಲು ಹೋಗುವುದಿಲ್ಲ. ಲಿಂಗಣ್ಣ ಅದನ್ನು ನೋಡಿಯೂ ನೋಡದವನಂತೆ ಇದ್ದ.

ಅವನನ್ನು ಕಾಡುತ್ತಿದ್ದ ಇನ್ನೊಂದು ಸಂಗತಿಯಿತ್ತು. ಮೊನ್ನೆ ಅಮಾವಾಸ್ಯೆಯಂದು ಅವಳ ಮನೆಗೆ ಹೋದಾಗ, ಸತ್ತ ಮಗಳಿಗೆಂದು ಅವಳು ಎಡೆ ಇಟ್ಟಿದ್ದಳು. ಅನ್ನ, ಕಾಳಿನ ಸಾರು, ಒಂದು ಹೊಸ ರವಿಕೆ ಬಟ್ಟೆ, ಎಲ್ಲವೂ ಇತ್ತು. ಆದರೆ ಎಡೆ ಇದ್ದದ್ದು ಹೊಸ್ತಿಲ ಆಚೆ. ಆ ಸೀಮೆಯಲ್ಲಿ ಮನೆಯ ಸತ್ತವರಿಗೆ ನಡುಮನೆಯ ಗೋಡೆಯ ಬುಡದಲ್ಲಿ ಎಡೆ. ಹೊರಗಿಡುವುದು ಮನೆಯವರಲ್ಲದವರಿಗೆ. ಹೆತ್ತ ಮಗಳನ್ನು ಯಾರಾದರೂ ಹೊಸ್ತಿಲ ಆಚೆ ಕೂರಿಸಿ ಉಣ್ಣಿಸುತ್ತಾರೆಯೇ? ಕೇಳಬೇಕೆಂದು ಬಾಯಿ ತನಕ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡಿದ್ದ.

“ವಸಂತ್, ಇವಳು ಈ ಕಂಪ್ಯೂಟರಿನೊಳಕ್ಕೆ ಹೇಗೆ ಬಂದಳು?”

ಗುತ್ತಿಗೆ ಮೇಲೆ ಕೆಲಸಕ್ಕಿದ್ದ ವಸಂತ್ ತೆಳ್ಳಗಿನ, ನಿದ್ದೆಗೆಟ್ಟ ಆಸಾಮಿ. ಈ ಗಣಕ ಕಟ್ಟಡವನ್ನು ಕಟ್ಟಿದ್ದು ಅವನೇ.

“ಕಟ್ಟಡ ಎಷ್ಟೆತ್ತರ ಇದೆ ಅಂತ ನೋಡೋರಿಗೆ ಗೊತ್ತಾಗಲಿ ಅಂತ ಮಧ್ಯೆ ಜನಗಳನ್ನ ನಿಲ್ಲಿಸಬೇಕು ಸಾರ್. ಸಾಫ್ಟ್‌ವೇರಿನಲ್ಲೇ ಒಂದಷ್ಟು ಜನ ಇರ್ತಾರೆ. ಎಲ್ಲ ಬಿಳಿಯರು. ಟೋಪಿ ಹಾಕಿದ ಗಂಡಸರು, ಚಡ್ಡಿ ಹಾಕಿ ನಾಯಿ ಹಿಡ್ಕೊಂಡಿರೋ ಹೆಂಗಸರು. ಬೆಂಗಳೂರಿಂದ ಬಂದ ಸಾಹೇಬರು ನೋಡಿ ಬೈದ್ರು, ಬೀಚನಹಳ್ಳಿ ಹಾಸ್ಟೆಲಲ್ಲಿ ಇವರಿಗೇನು ಕೆಲಸ, ನಮ್ಮ ಜನ ಹಾಕಿ ಅಂದ್ರು. ಸೈಟಿನ ಫೋಟೋಗಳಿದ್ವು. ಅದರಿಂದ ಕತ್ತರಿಸಿ ತೆಗೆದು ನಿಲ್ಲಿಸ್ದೆ.”

“ಕಾಲು ಯಾಕೆ ಕತ್ತರಿಸ್ದೆ?”

ವಸಂತ್ ಮೌಸನ್ನು ಅತ್ತಿತ್ತ ಸರಿಸಿದ. “ಫೋಟೋದಲ್ಲಿ ಸರಿಯಾಗಿ ಕಾಣ್ತಿರಲಿಲ್ಲ ಸಾರ್.”

“ಯಾವ ಫೋಟೋ?”

“ಜ್ಞಾಪಕ ಇಲ್ಲ.” ಅವನು ಗಂಟಲು ಸರಿಮಾಡಿಕೊಂಡ. “ಇವಳನ್ನ ಹಾಕಿದ ದಿನದಿಂದ ನನಗೂ ಒಂಥರಾ ಆಗ್ತಿದೆ ಸಾರ್. ಈ ಕಟ್ಟಡದ ಒಳಗೆ ಎಲ್ಲದಕ್ಕೂ ಬೆಳಕು ಮೇಲಿಂದ ಬರುತ್ತೆ, ನಾನೇ ಹಾಗೆ ಮಾಡಿರೋದು. ಇವಳ ಮುಖಕ್ಕೆ ಮಾತ್ರ ಕೆಳಗಿಂದ ಬಿದ್ದಿದೆ. ಗದ್ದದ ಅಡಿ ನೋಡಿ. ಎಷ್ಟು ತಿದ್ದಿದ್ರೂ ಹೋಗಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಇವಳನ್ನ ತೋರಿಸಿದ್ದಾಯ್ತು, ನನಗೆ ಸಾಕಾಗಿದೆ.”

“ಎರಡು ಸಲವಾ? ಮೊದಲು ಯಾರು—”

ಬಾಗಿಲು ತೆರೆಯಿತು. ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲಿದ್ದವಳು ಮಸುಕಾದಳು.

ಬಂದವರು ಎಂಜಿನಿಯರ್ ಶಿವಶಂಕರ. ಗರಿಗರಿ ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ಅಚ್ಚುಕಟ್ಟಾದ ಗಂಧ. ಸರ್ಕಾರದ ಈ ಕಂಪ್ಯೂಟರ್ ಕಟ್ಟಡದ ಯೋಜನೆಯನ್ನು ಜಿಲ್ಲೆಯಲ್ಲಿ ತಮ್ಮ ಸ್ವಂತ ಮಗುವಿನಂತೆ ಎತ್ತಿ ಆಡಿಸಿದವರು.

“ಲಿಂಗಣ್ಣನವರೇ, ಸಾಕು ಮಾಡಿ. ನಾಳೆ ಬೆಳಿಗ್ಗೆ ಈ ಮಾದರಿ ಬೆಂಗಳೂರಿಗೆ ಹೋಗಬೇಕು. ಅದಕ್ಕೆ ಮುಂಚೆ ಆ ಹೆಂಗಸನ್ನ ಅಳಿಸಬೇಕು.”

“ಅಳಿಸಿದ ಮೇಲೆ ಮತ್ತೆ ಸಿಗ್ತಾಳಾ?”

“ಹಳೇ ಫೈಲಿನ ಮೇಲೇ ಹೊಸದು ಕೂರುತ್ತೆ. ಸಿಗೋದಿಲ್ಲ.”

“ಅವಳ ಗಂಡನಿಗೆ ಸೋಮವಾರ ತೀರ್ಪು ಸಾರ್.”

“ಗೊತ್ತು, ಪಾಪ. ಆದರೆ ಈ ಚಿತ್ರದಿಂದ ಅವನಿಗೇನೂ ಉಪಯೋಗ ಇಲ್ಲ. ಇದು ಪಾಯ ತೋಡಿದಾಗ ತೆಗೆದ ಫೋಟೋ. ಗೌರಿ ಹಬ್ಬಕ್ಕೆ ಎಷ್ಟೋ ಮುಂಚೆ. ಪಾಯದ ಗುಂಡಿಯಲ್ಲಿ ನಿಂತಿದಾಳೆ, ಅದಕ್ಕೇ ಕಾಲು ಕಾಣಿಸ್ತಿಲ್ಲ. ದೆವ್ವ ಅಂತ ಓಡಿಹೋದ ಜನಕ್ಕೆ ಅಷ್ಟೂ ತಿಳಿಯಲಿಲ್ಲ.”

ಹೇಳಿಕೊಟ್ಟ ಪಾಠ ಒಪ್ಪಿಸಿದಷ್ಟು ಸಲೀಸಾಗಿ ಬಂತು ಉತ್ತರ. ವಸಂತನಿಗೆ ಜ್ಞಾಪಕವಿಲ್ಲದ ಫೋಟೋ ಇವರಿಗೆ ದಿನ ಸಮೇತ ಜ್ಞಾಪಕವಿತ್ತು. ಲಿಂಗಣ್ಣ ವಸಂತನ ಕಡೆ ನೋಡಿದ. ವಸಂತ್ ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದ.

“ಬಾಗಿಲು ಹಾಕಿ ಸಾರ್, ಒಂದು ನಿಮಿಷ,” ಎಂದು ಲಿಂಗಣ್ಣ ಮತ್ತೆ ಪರದೆಯ ಮುಂದೆ ಬಗ್ಗಿದ.

ಕತ್ತಲಾಯಿತು. ಅವಳು ಮತ್ತೆ ಬಂದಳು. ಗದ್ದದ ಕೆಳಗೆ, ಕೊರಳಿನ ಮೇಲೆ, ಮೂಗಿನ ಹೊಳ್ಳೆಗಳ ಅಡಿಯಲ್ಲಿ ಬೆಳಕು ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಬೀಚನಹಳ್ಳಿಯ ಜನ ಕಿರುಚಿದ್ದು ಇದಕ್ಕೇ. ಕಾಲಿಲ್ಲ, ಮುಖಕ್ಕೆ ಕೆಳಗಿನಿಂದ ಬೆಳಕು, ಇನ್ನೇನು ಬೇಕು ಹೇಳಿ ದೆವ್ವಕ್ಕೆ.

ಲಿಂಗಣ್ಣ ಇನ್ನಷ್ಟು ಹತ್ತಿರ ಬಗ್ಗಿದ. ಇಂಥದೇ ಬೆಳಕು ಬಿದ್ದ ಇನ್ನೊಂದು ಮುಖ ಅವನಿಗೆ ಗೊತ್ತಿತ್ತು.

ಹುಣಸೂರಿನಲ್ಲಿ ಮನೆ ಕಟ್ಟಿಸುವಾಗ ಹೆಂಡತಿ ಯಶೋದಮ್ಮ ತಾರಸಿಯ ಮೇಲೆ ನೀರಿನಲ್ಲಿ ನಿಂತಿದ್ದಳು. ಇವನು ಏಣಿ ಹತ್ತಿ ತಲೆ ಹೊರಗೆ ಹಾಕಿದಾಗ ಬಿಸಿಲು ನೀರಿಗೆ ಬಿದ್ದು, ನೀರಿನಿಂದ ಎದ್ದು, ಅವಳ ಗದ್ದದ ಕೆಳಗೆ ಅಲೆ ಅಲೆಯಾಗಿ ಆಡುತ್ತಿತ್ತು. ‘ಏನ್ರೀ ಹಂಗೆ ನೋಡ್ತೀರಾ, ಬಿಂದಿಗೆ ಎತ್ಕೊಡಿ’ ಎಂದು ಗದರಿದ್ದಳು. ಯಶೋದಮ್ಮ ಈಗಿಲ್ಲ. ಆ ಮುಖ ಮಾತ್ರ ಇವನು ಕಣ್ಣು ಮುಚ್ಚಿದಾಗಲೆಲ್ಲ ಬರುತ್ತದೆ. ಈ ಕತ್ತಲೆ ಕೋಣೆಯಲ್ಲಿ ಒಂದು ಗಳಿಗೆ ಅವಳೇ ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಿರುವಳೇನೋ ಎನಿಸಿತು.

ಅವನು ನೆಟ್ಟಗೆ ನಿಂತ.

“ಸಾರ್, ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದ ಮಾರನೇ ದಿನ ಏನ್ ಮಾಡ್ತಾರೆ?”

ಶಿವಶಂಕರ ಜೇಬಿನ ಪೆನ್ನು ಸರಿಮಾಡಿಕೊಂಡರು.

“ನಿಮಗೆ ಗೊತ್ತಿಲ್ಲದ್ದಲ್ಲ. ತಾರಸಿ ಬಿರುಕು ಬಿಡದೇ ಇರಲಿ ಅಂತ ಮೇಲೆ ಮಣ್ಣಲ್ಲಿ ಸಣ್ಣ ಸಣ್ಣ ಬದು ಕಟ್ಟಿ, ಗದ್ದೆಗೆ ತುಂಬಿಸಿದಂಗೆ ನೀರು ನಿಲ್ಲಿಸ್ತಾರೆ. ದಿನಾ ಹೆಣ್ಣಾಳುಗಳು ಬಿಂದಿಗೇಲಿ ಹೊತ್ತು ಸುರೀತಾರೆ. ಪಾಯದ ಗುಂಡೀಲಿ ನಿಂತೋಳಿಗೆ ಬಿಂದಿಗೆ ಯಾಕೆ ಸಾರ್? ಸೀರೆ ಎತ್ತಿ ಸಿಕ್ಕಿಸಿರೋದು ಯಾಕೆ? ಸೀರೆ ಅಂಚು ನೋಡಿ, ಒದ್ದೆ ಆಗಿ ಕಪ್ಪಗಿದೆ. ಗುಂಡಿಯೊಳಗೆ ನಿಂತಿದ್ರೆ ಗದ್ದದ ಅಡಿ ನೆರಳು ಇರ್ಬೇಕು, ಬೆಳಕಲ್ಲ. ಇವಳು ನಿಂತಿರೋದು ನೀರೊಳಗೆ. ತಾರಸಿ ಮೇಲೆ.”

“ಅದು ನಿಮ್ಮ ಊಹೆ.”

“ಮೋಲ್ಡ್ ಹಾಕಿದ್ದು ಯಾವಾಗ ಅನ್ನೋದು ಊಹೆ ಅಲ್ಲ. ಅದೇ ವರ್ಷದ ದೀಪಾವಳಿ ಕಳೆದ ಮೇಲೆ. ಮಳೆ ಬಿಡಲಿ ಅಂತ ಕಾದಿದ್ರು. ಕಂಟ್ರಾಕ್ಟರ್ ಬೆಟ್ಟಸ್ವಾಮಿ ಅವತ್ತು ಆಳುಗಳಿಗೆಲ್ಲ ಬಾಡೂಟ ಹಾಕ್ಸಿದ್ದ, ಅರ್ಧ ಬೀಚನಹಳ್ಳಿ ಹೋಗಿ ಉಂಡು ಬಂದಿದೆ. ಹೆಣ ಮಣ್ಣಾಗಿದ್ದು ದಸರೆಗೆ ಮುಂಚೆ. ಸತ್ತು ಮಣ್ಣಾದವಳು ದೀಪಾವಳಿ ಕಳೆದ ಮೇಲೆ ಬಿಂದಿಗೆ ಹೊತ್ಕೊಂಡು ನಿಮ್ಮ ತಾರಸಿಗೆ ನೀರು ಹಾಕೋಕೆ ಬಂದಿದ್ಲಾ?”

ಚಿಕ್ಕಸಿದ್ದಮ್ಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಯಾರೂ ಗಮನಿಸಿರಲಿಲ್ಲ.

ಶಿವಶಂಕರ ಕುರ್ಚಿ ಎಳೆದುಕೊಂಡು ಕೂತರು. ಇಸ್ತ್ರಿಯ ಗರಿ ಒಮ್ಮೆಗೇ ಇಳಿದಂತಾಯಿತು.

“ನಾನು ಕೊಲೆಗಾರನಲ್ಲ ಲಿಂಗಣ್ಣನವರೇ.”

“ನಾನೂ ಹಾಗಂದಿಲ್ಲ. ಸುಳ್ಳು ಯಾಕೆ ಹೇಳಿದ್ರಿ, ಅಷ್ಟು ಹೇಳಿ.”

“ಆದೇಶ ಬಂದಾಗ ಕಂಪ್ಯೂಟರ್ ಇರಲಿಲ್ಲ. ಕಂಪ್ಯೂಟರ್ ಬಂದಾಗ ಮೋಲ್ಡ್ ಬಿದ್ದಾಗಿತ್ತು. ಆದೇಶದಲ್ಲಿ ಸ್ಪಷ್ಟವಾಗಿದೆ, ಮೊದಲು ಮಾದರಿ, ಆಮೇಲೆ ಕಟ್ಟಡ, ಎರಡೂ ತಾಳೆಯಾದರೆ ಮಾತ್ರ ಬಿಲ್ಲು. ನಾವು ಏನು ಮಾಡೋದು? ಕಟ್ಟಡ ಎದ್ದು ನಿಂತಿತ್ತು. ಅದನ್ನೇ ನೋಡಿಕೊಂಡು ವಸಂತ್ ಮಾದರಿ ಮಾಡಿದ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ತಾಳೆಯಾಯಿತು. ಆಗದೇ ಇರುತ್ತದೆಯೇ?”

ಲಿಂಗಣ್ಣನಿಗೆ ನಗು ಬರಬೇಕಿತ್ತು. ಬರಲಿಲ್ಲ. ಮಗು ಹುಟ್ಟಿ ಓಡಾಡುವಾಗ ಸೀಮಂತದ ಫೋಟೋ ತೆಗೆಸಿದ ಹಾಗಾಗಿತ್ತು ಸರ್ಕಾರದ ಮೊದಲ ಗಣಕ ಕಟ್ಟಡ.

“ಬೆಂಗಳೂರಿನಲ್ಲಿ ಎಲ್ಲರೂ ಇದನ್ನೇ ಕಾಯ್ತಿದಾರೆ,” ಎಂದರು ಶಿವಶಂಕರ. “ಇದು ಗೆದ್ದರೆ ರಾಜ್ಯಕ್ಕೆಲ್ಲ ಆದೇಶ ಹೊರಡುತ್ತೆ. ಕಂಬದೊಳಗೆ ಕಬ್ಬಿಣ ಎಷ್ಟಿದೆ ಅಂತ ಪರದೆಯ ಮೇಲೇ ಕಾಣುತ್ತೆ, ಕಂಟ್ರಾಕ್ಟರು ಕದಿಯೋಕಾಗೋದಿಲ್ಲ. ಮಕ್ಕಳ ತಲೆ ಮೇಲೆ ಸ್ಕೂಲು ಬೀಳೋದಿಲ್ಲ. ಸರ್ಕಾರ ಎಂದೋ ಒಂದು ದಿನ ಒಳ್ಳೇದಕ್ಕೆ ಕೈ ಹಾಕಿತ್ತು. ತಾರಸಿ ಮೇಲಿನ ಹೆಂಗಸು ಮಾದರಿಯೊಳಗೆ ಬಂದಳು ಅಂದರೆ, ಮಾದರಿ ಆಮೇಲೆ ಮಾಡಿದ್ದು ಅಂತ ಎಂಥವರಿಗೂ ತಿಳಿಯುತ್ತೆ. ಇಡೀ ಯೋಜನೆ ಕಸದಬುಟ್ಟಿಗೆ ಹೋಗುತ್ತೆ. ಅದಕ್ಕೇ ಸುಳ್ಳು ಹೇಳಿದೆ. ಸತ್ತವಳ ಚಿತ್ರ ತಾನೇ, ಅಳಿಸಿದರೆ ಯಾರಿಗೇನು ನಷ್ಟ ಅಂದುಕೊಂಡೆ.”

“ಬದುಕಿರೋನೊಬ್ಬ ಜೈಲಲ್ಲಿದಾನೆ.”

ಶಿವಶಂಕರ ತಲೆ ತಗ್ಗಿಸಿದರು. ಆಮೇಲೆ ವಸಂತನಿಗೆ ಕೈಸನ್ನೆ ಮಾಡಿದರು.

ಮೂಲ ಫೋಟೋ ವಸಂತನ ಮೇಜಿನ ಖಾನೆಯಲ್ಲಿ, ಹಾಡಿನ ಸಿ.ಡಿ.ಗಳ ನಡುವೆ ಬಚ್ಚಿಟ್ಟ ಒಂದು ಸಿ.ಡಿ.ಯಲ್ಲಿತ್ತು. ವಸಂತ್ ಅದನ್ನು ಕಂಪ್ಯೂಟರಿಗೆ ಹಾಕಿದ.

ಮೊದಲು ಆಕಾಶ ಬಂತು. ಆಮೇಲೆ ಕಂಬಗಳಿಂದ ಮೇಲೆದ್ದ ತುಕ್ಕು ಹಿಡಿದ ಕಬ್ಬಿಣದ ಸರಳುಗಳು. ತಾರಸಿಯ ತುಂಬ ನೀರು, ನೀರಿನ ತುಂಬ ಮೋಡ. ಅದರ ನಡುವೆ ಪುಟ್ಟಿ ನಿಂತಿದ್ದಳು. ಕಂಪ್ಯೂಟರಿನ ಜಗುಲಿಯಲ್ಲಿ ದೆವ್ವವಾಗಿದ್ದವಳು ಇಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಕೂಲಿ ಹೆಣ್ಣುಮಗಳಾಗಿದ್ದಳು. ಪಕ್ಕದಲ್ಲಿ ಅರ್ಧ ಕಾಣುತ್ತಿದ್ದ ಇನ್ನೊಬ್ಬ ಹೆಣ್ಣಾಳು ಏನೋ ತಮಾಷೆ ಮಾಡಿರಬೇಕು, ಅದಕ್ಕೇ ಆ ನಗು.

“ಕಾಲು ಇತ್ತು ಸಾರ್,” ಎಂದ ವಸಂತ್ ಮೆಲ್ಲಗೆ. “ನೀರೊಳಗೆ ಸೊಟ್ಟಗೆ ಕಾಣ್ತಿತ್ತು. ಜಗುಲಿ ಮೇಲೆ ನಿಲ್ಲಿಸಿದ್ರೆ ಚೆನ್ನಾಗಿ ಕಾಣಲ್ಲ ಅಂತ ಕತ್ತರಿಸಿಬಿಟ್ಟೆ.”

“ದೊಡ್ಡದು ಮಾಡು,” ಎಂದ ಲಿಂಗಣ್ಣ.

ತಿಳಿನೀರಿನಡಿ ಪಾದಗಳು ಹಿಗ್ಗಿ ಪರದೆಯನ್ನು ತುಂಬಿದವು. ಸಿಮೆಂಟು ತಿಂದು ಬಿರಿದ ಹಿಮ್ಮಡಿ, ಅಗಲಿಸಿ ಊರಿದ ಬೆರಳುಗಳು. ಲಿಂಗಣ್ಣ ಎಡಗಾಲು ನೋಡಿದ. ಬಲಗಾಲು ನೋಡಿದ. ಮತ್ತೆ ಎಡಗಾಲು ನೋಡಿದ.

ಕಾಲುಂಗುರ ಇರಲಿಲ್ಲ.

ಗೆದ್ದೆ ಎಂದುಕೊಳ್ಳಬೇಕಾದ ಹೊತ್ತಿನಲ್ಲಿ ಅವನ ಲೆಕ್ಕ ತಪ್ಪಿತು. ಚೆಲುವರಾಜುವಿನ ಮೇಲಿನ ಕೇಸು ನಿಂತದ್ದೇ ಕಾಲುಂಗುರದ ಮೇಲೆ. ನಾಲೆಯ ಹೆಣಕ್ಕೆ ಮುಖವೆಂಬುದು ಉಳಿದಿರಲಿಲ್ಲ. ಮೀನಿನ ಆಕಾರ ಕೆತ್ತಿದ ಕಾಲುಂಗುರ ನೋಡಿ, ಮದುವೆಯಲ್ಲಿ ತಾನೇ ಕೊಟ್ಟದ್ದೆಂದು ಗುರುತಿಸಿದವಳು ಚಿಕ್ಕಸಿದ್ದಮ್ಮ. ಪುಟ್ಟಿ ಬದುಕಿದ್ದರೆ ಅವಳ ಕಾಲುಂಗುರ ಹೆಣದ ಕಾಲಿಗೆ ಹೋದದ್ದು ಹೇಗೆ?

ತಿರುಗಿ ನೋಡಿದ. ಚಿಕ್ಕಸಿದ್ದಮ್ಮ ಕೋಣೆಯಲ್ಲಿರಲಿಲ್ಲ.

ಅವಳು ಹೊರಗೆ ಹೊಂಗೆಮರದ ಬುಡದಲ್ಲಿ ಕೂತಿದ್ದಳು. ಲಿಂಗಣ್ಣ ಸಿ.ಡಿ.ಯನ್ನು ಅಂಗಿಯ ಒಳಜೇಬಿಗೆ ಇಳಿಸಿಕೊಂಡು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೇಳುವ ಅಗತ್ಯ ಬೀಳಲಿಲ್ಲ.

“ನಾನೇ ಆಕ್ದೆ ಕಣಪ್ಪ,” ಎಂದಳು.

ಲಿಂಗಣ್ಣ ಅವಳ ಕಡೆ ತಿರುಗಿ ಕೂತ.

“ಗೌರಿ ಅಬ್ಬದ ದಿನ ಗಂಡ ಅವ್ಳ ಮೇಲೆ ಸೀಮೆಎಣ್ಣೆ ಸುರ್ದಿದ್ದ. ಬೆಂಕಿ ಕಡ್ಡಿ ಒದ್ದೆಯಾಗಿತ್ತು, ಅತ್ಲಿಲ್ಲ. ಅದ್ಕೇ ಅವ್ಳು ಉಳಿದಿದ್ದು. ನನ್ ತಾವ್ಕೆ ಓಡ್ಬಂದು ಕಾಲುಂಗ್ರ ಕಳಚಿ ಕೈಗಿಟ್ಲು, ಇನ್ನು ನಂಗಿದು ಬ್ಯಾಡ ಕಣವ್ವ ಅಂದ್ಲು. ಕೊಡಗ್ನಾಗೆ ಕಾಫಿ ತೋಟ್ದಲ್ಲಿ ನಮ್ಮೋರು ಅವ್ರೆ, ಅಲ್ಲಿಗೆ ಕಳ್ಸಿದೆ. ಅವ್ನು ದಿನಾ ಬಂದು ಎಲ್ಲಿ ಎಲ್ಲಿ ಅಂತ ಮಚ್ಚು ಇಡ್ಕಂಡು ಕೂರೋನು. ಅಂಗಿರುವಾಗ ನಾಲೇಲಿ ಎಣ ಬಂತು. ನೋಡೋಕೆ ಕರುದ್ರು.”

ಅವಳು ಮರದ ತೊಗಟೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಯಾರ ಮಗ್ಳೋ. ಕಾಲು ಇಡ್ಕಂಡು ಅಳ್ತಾ ಕುಂತೆ. ಪೋಲೀಸ್ನೋರು ಮೂಗು ಮುಚ್ಕೊಂಡು ಅತ್ಲಾಗೆ ತಿರುಗಿದ್ರು. ಸೆರಗಿನ ಗಂಟಲ್ಲಿ ಕಾಲುಂಗ್ರ ಇತ್ತು. ಉಂಗ್ರದ ಬಾಯಿ ಅಗಲ್ಸಿ ಬೆರಳಿಗೆ ಆಕ್ಬುಟ್ಟೆ. ಅವ್ನು ಒಳಗೋದ. ನನ್ ಮಗ್ಳು ಉಳುದ್ಲು.”

“ಹೊಸ್ತಿಲ ಆಚೆ ಎಡೆ ಇಟ್ಟಿದ್ದು ಆ ಹೆಂಗಸಿಗಾ?”

“ಇನ್ಯಾರು ಇಡ್ತಾರೆ ಅವ್ಳಿಗೆ? ಎಸ್ರು ಗೊತ್ತಿಲ್ಲ, ಕರ್ಯೋಕಾಗಲ್ಲ. ಒಳೀಕೆ ಕರ್ದ್ರೆ ನನ್ ಮಗ್ಳು ಸತ್ತಂಗೆ ಆಯ್ತದೆ. ಆಚೆ ಇಟ್ಟು, ಉಣ್ಣವ್ವ ತಾಯಿ, ನನ್ನ ಮನ್ನಿಸು ಅಂತೀನಿ. ಕೆಲವು ದಿನ ಸಂಜೆ ಒತ್ತು ಬಾಗ್ಲಲ್ಲೇ ನಿಂತವ್ಳೆ ಅನ್ನುಸ್ತದೆ. ಬೈಯಲ್ಲ, ಏನಿಲ್ಲ. ಸುಮ್ನೆ ನಿಂತಿರ್ತಾಳೆ.”

ಗಾಳಿಯಿರಲಿಲ್ಲ. ಆದರೂ ಲಿಂಗಣ್ಣ ಒಮ್ಮೆ ಬೆನ್ನ ಹಿಂದೆ ನೋಡಿಕೊಂಡ. ಅವನಿಗೆ ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು, ಮಾಡದ ಕೊಲೆಗೆ ಒಬ್ಬನನ್ನು ಒಳಗೆ ಹಾಕಿಸಿದವಳು. ಸಿಟ್ಟು ಬರಲಿಲ್ಲ, ಸಂಕಟವಾಯಿತು.

“ಅವಳು ಕೊಡಗಿಂದ ವಾಪಸ್ ಬಂದಿದ್ದು ನಿನಗೆ ಗೊತ್ತಿತ್ತಾ?”

“ಇಲ್ಲ. ಈಗ ಆ ನೀರಲ್ಲಿ ನಿಂತಿರೋದು ನೋಡ್ದಾಗ್ಲೇ ಗೊತ್ತಾಗಿದ್ದು. ದೂರದಿಂದ ಸುದ್ದಿ ಮಾತ್ರ ಬರೋದು, ಚೆನ್ನಾಗವ್ಳೆ ಅಂತ. ಅವ್ನು ಒಳಗವ್ನೆ ಅಂತ ಧೈರ್ಯ ಮಾಡಿ ಬಂದವ್ಳೆ. ಜೊತೇಲಿ ಗೇದ ಎಣ್ಮಕ್ಳ ಗ್ಯಾಂಗು ಅಂದ್ರೆ ಅವ್ಳಿಗೆ ಪ್ರಾಣ. ಅವ್ರೇ ಬಚ್ಚಿಟ್ಕೊಂಡಿರ್ತಾರೆ.” ಅವಳು ಮೊದಲ ಸಲ ಅವನ ಮುಖ ನೋಡಿದಳು. “ನಿನ್ ಜೇಬಲ್ಲಿರೋದು ಕೋರ್ಟಿಗೆ ಕೊಟ್ರೆ ಅವ್ನು ಈಚೆ ಬತ್ತಾನೆ. ಬಂದೋನು ಮೊದ್ಲು ಅವ್ಳನ್ನೇ ಉಡುಕ್ತಾನೆ. ಆಮ್ಯಾಕೆ ನನ್ನ ಇನ್ನೊಂದ್ಸಲ ಎಣ ನೋಡೋಕೆ ಕರೀರಿ. ಅವತ್ತು ನಾನು ಸುಳ್ಳು ಯೋಳಾಕಿಲ್ಲ.”

ಲಿಂಗಣ್ಣನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

“ಅವನ ಅಣ್ಣ ಒಳ್ಳೆಯವನ ಹಾಗೆ ಕಾಣ್ತಾನೆ ಅವ್ವ. ಚಲುವಯ್ಯ. ಅವನಿಗೆ ಬುದ್ಧಿ ಹೇಳಿ—”

“ಚಲುವಯ್ಯನಾ?” ಚಿಕ್ಕಸಿದ್ದಮ್ಮ ನಕ್ಕಳು. ನೋಡಲಾಗದ ನಗು ಅದು. “ಸೀಮೆಎಣ್ಣೆ ಸುರೀವಾಗ ನನ್ ಮಗ್ಳ ಎರಡೂ ಕೈ ಇಡ್ಕಂಡಿದ್ದೋನು ಯಾರು ಅಂದ್ಕಂಡಿದ್ದೀಯ?”

ಹಿಂದಿನಿಂದ ಚಪ್ಪಲಿ ಸದ್ದಾಯಿತು. ವಸಂತ್ ಬರುತ್ತಿದ್ದ, ಕೈಯಲ್ಲಿ ಚಿಕ್ಕಸಿದ್ದಮ್ಮ ಮರೆತು ಬಂದ ಬಟ್ಟೆಯ ಚೀಲವಿತ್ತು.

“ವಸಂತ್, ಬೆಳಿಗ್ಗೆ ಯಾರಿಗೆ ತೋರಿಸ್ದೆ ಇದನ್ನ?”

“ನಿಮ್ಮ ಕಡೆಯೋರೇ ಅಲ್ವಾ ಸಾರ್. ಲಿಂಗಣ್ಣೋರು ಕಳಿಸಿದ್ರು ಅಂದ್ರು. ಬಿಳಿ ಪಂಚೆ, ದಪ್ಪ ಮೀಸೆ, ಮಾತು ಭಾರಿ ಮೆತ್ತಗೆ. ಚಲುವಯ್ಯ ಅಂತ. ಆ ಮೂಲ ಫೋಟೋನೂ ತೋರಿಸು ಅಂತ ಅತ್ತುಬಿಟ್ರು, ಶಿವಶಂಕರ ಸಾಹೇಬರು ಇರಲಿಲ್ಲ, ತೋರಿಸ್ದೆ. ಯಾರಿಗೂ ತೋರಿಸಬೇಡ ಅಂತ ಸಾಹೇಬರು ಹೇಳಿದ್ದು ಆಮೇಲೆ. ಪಕ್ಕದಲ್ಲಿ ಅರ್ಧ ಕಾಣ್ತಾಳಲ್ಲ, ಆ ಇನ್ನೊಬ್ಬ ಹೆಂಗಸಿನ ಗುರ್ತು ಹಿಡಿದ್ರು. ಆ ಗ್ಯಾಂಗು ಈಗ ಎಲ್ಲಿದೆ ಅಂತ ಕೇಳಿದ್ರು.”

“ಹೇಳಿದ್ಯಾ?”

“ರಾವಂದೂರಲ್ಲಿ ಅಂದೆ. ಬೆಟ್ಟಸ್ವಾಮಿ ಅಲ್ಲೊಂದು ಆಸ್ಪತ್ರೆ ಕಟ್ತಿದಾರೆ. ನಿನ್ನೆ ತಾನೇ ಮೋಲ್ಡ್ ಬಿತ್ತು, ಇವತ್ತಿಂದ ನೀರು ಹಾಕ್ತಾರೆ, ಹೋದ್ರೆ ಎಲ್ಲ ಹೆಣ್ಣಾಳುಗಳೂ ತಾರಸಿ ಮೇಲೇ ಸಿಗ್ತಾರೆ ಅಂತಲೂ ಹೇಳ್ದೆ.” ಲಿಂಗಣ್ಣನ ಮುಖ ನೋಡಿ ವಸಂತನ ಮಾತು ನಿಧಾನವಾಯಿತು. “ತಪ್ಪಾಯ್ತಾ ಸಾರ್?”

ಚಿಕ್ಕಸಿದ್ದಮ್ಮ ಆಗಲೇ ಎದ್ದು ಬೈಕಿನ ಕಡೆ ನಡೆಯುತ್ತಿದ್ದಳು. ವಯಸ್ಸಾದ ಹೆಂಗಸು ಅಷ್ಟು ಬೇಗ ನಡೆಯಬಲ್ಲಳೆಂದು ಲಿಂಗಣ್ಣ ಎಣಿಸಿರಲಿಲ್ಲ. ಅವನು ಓಡಿದ. ಪುಟ್ಟಿ ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತನ್ನ ಹೆಸರು ಹೇಳಿಯೇ ಚಲುವಯ್ಯ ಹುಡುಕುವ ದಾರಿ ತಿಳಿದುಕೊಂಡ ಎಂಬುದು ಬೈಕಿನ ಕಿಕ್ಕರ್ ಒದೆಯುವಾಗಲೂ ಅವನ ಎದೆಗೆ ಒದೆಯುತ್ತಿತ್ತು.

ಬೈಕು ಸದ್ದು ಮಾಡಿ ನಿಂತುಹೋಯಿತು. ಮತ್ತೆ ಒದೆದ. ಮುದುಕಿ ಹಿಂದೆ ಹತ್ತಿ ಕೂತು ಅವನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಗ ಜೇಬಿನಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ಪುಟ್ಟ ಪರದೆಯ ಮೇಲೆ ಹೆಸರು ಹೊಳೆಯಿತು. ಚಲುವಯ್ಯ.

ಲಿಂಗಣ್ಣ ಕಿವಿಗೆ ಹಿಡಿದ. ಮೊದಲು ಕೇಳಿಸಿದ್ದು ನೀರಿನ ಸದ್ದು. ಎತ್ತರದಿಂದ ಬಿಂದಿಗೆ ಬಿಂದಿಗೆಯಾಗಿ ನೀರು ಸುರಿಯುವ ಸದ್ದು, ಹೆಂಗಸರು ನಗುವ ಸದ್ದು. ಆಮೇಲೆ ಒಬ್ಬಳು ಏನೋ ಕೂಗಿದಳು. ನಗು ನಿಂತಿತು. ನೀರೂ ನಿಂತಿತು.

“ಸಾ,” ಎಂದಿತು ಆ ಮೆತ್ತನೆಯ ದನಿ, “ನೀವಿನ್ನ ಉಡುಕೋದು ಬ್ಯಾಡ. ಸಿಕ್ಕುದ್ಲು.”

ಭುಜದ ಮೇಲಿನ ಕೈ ಇನ್ನಷ್ಟು ಬಿಗಿಯಾಯಿತು.

“ಯಾರಪ್ಪ ಅದು ಪೋನ್ನಾಗೆ?” ಎಂದು ಕೇಳಿದಳು ಚಿಕ್ಕಸಿದ್ದಮ್ಮ.